‘ನಿಮ್ಮ ಅರ್ಜಿ ತಲುಪಿದೆ’ ಅಂದಮೇಲಿನ ಮೌನ

ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ, ಕೆಲಸ ಹುಡುಕುತ್ತಿರುವ ಒಬ್ಬ ಹುಡುಗನ ಕಥೆ ಇದು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೊದಲ ದಿನ ಬಳ್ಳಾರಿಯ ನನ್ನ ಕೋಣೆಗೆ ಬಂದವನು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟ. ಎರಡು ಮಾತಾಡುವುದು, ಫೋನ್ ಎತ್ತಿ ನೋಡುವುದು, ಮತ್ತೆ ಮಗುಚುವುದು. ಏನು ನೋಡ್ತಿದ್ದೀಯಪ್ಪಾ ಅಂತ ಕೇಳಿದೆ. "ಮೇಲ್ ಬಂತಾ ಅಂತ ಮೇಡಂ" ಅಂದ. ರಾತ್ರಿ ಎರಡು ಗಂಟೆಗೂ ಎದ್ದು ನೋಡುತ್ತಾನಂತೆ. ರಾತ್ರಿ ಎರಡಕ್ಕೆ ಯಾವ ಎಚ್‌ಆರ್ ಮೇಲ್ ಕಳಿಸುತ್ತಾರೆ? ಅದು ಅವನಿಗೂ ಗೊತ್ತು.

ವಯಸ್ಸು ಇಪ್ಪತ್ತೈದು. ಅಪ್ಪ ಜೀನ್ಸ್ ಘಟಕದಲ್ಲಿ ಹೊಲಿಯುತ್ತಾರೆ, ಪೀಸಿಗೆ ಇಷ್ಟು ಅಂತ ಕೂಲಿ. ಮಗ ಬೆಂಗಳೂರಿನಲ್ಲಿ ನಾಲ್ಕು ವರ್ಷ ಚಿತ್ರಕಲೆ, ಗ್ರಾಫಿಕ್ ಡಿಸೈನ್ ಓದಿದ. ರೂಮಿನ ಬಾಡಿಗೆ ಕಟ್ಟಲಾಗದೆ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ನೋಟ್‌ಬುಕ್ ತಂದಿದ್ದ. ಅದರಲ್ಲಿ ತೊಂಬತ್ತಾರು ಅರ್ಜಿಗಳ ಲೆಕ್ಕ. ಉತ್ತರ ಬಂದದ್ದು ಹನ್ನೊಂದಕ್ಕೆ. ಉಳಿದವುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಆ ಪುಟಗಳನ್ನು ತಿರುವುವಾಗ ನನಗೇ ಸಂಕಟವಾಯಿತು. ಎಂಟು ತಿಂಗಳ ಹಿಂದಿನ ಅರ್ಜಿಗೂ ಅವನು ಇನ್ನೂ ಕಾಯುತ್ತಿದ್ದ.

ಅವನನ್ನು ಹೆಚ್ಚು ನೋಯಿಸಿದ್ದು ಒಂದು ‘ಟೆಸ್ಟ್’. ಒಂದು ಕಂಪನಿ ಎರಡು ದಿನದಲ್ಲಿ ತಿಂಡಿ ಪೊಟ್ಟಣದ ಡಿಸೈನ್, ಜೊತೆಗೆ ಮೂರು ಪೋಸ್ಟರ್ ಮಾಡಿಕೊಡು ಅಂದಿತ್ತು. ನಿದ್ದೆಗೆಟ್ಟು ಮಾಡಿ ಕಳಿಸಿದ. ಆಮೇಲೆ ಸುದ್ದಿಯೇ ಇಲ್ಲ. ತಿಂಗಳ ನಂತರ ಅದೇ ಬಣ್ಣ, ಅದೇ ಜೋಡಣೆ ಅವರ ಪೇಜಿನಲ್ಲಿ ಕಂಡಿತು. "ನನ್ನ ಕೈ ಚೆನ್ನಾಗಿಲ್ಲ ಅಂತ ತಾನೇ ಮೇಡಂ ಕೆಲಸ ಕೊಡಲಿಲ್ಲ? ಹಂಗಾದ್ರೆ ನಂದನ್ನ ಯಾಕೆ ಹಾಕ್ಕೊಂಡ್ರು?" ಈ ಎರಡು ಪ್ರಶ್ನೆಗಳ ನಡುವೆಯೇ ಅವನು ಸಿಕ್ಕಿಬಿದ್ದಿದ್ದ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅವನ ಸೋದರಮಾವ ಆಗಲೇ "ನಮ್ಮ ಕಡೆಯವರಿಗೆ 371(ಜೆ) ಇದೆ, ಕೆಪಿಎಸ್‌ಸಿಗೆ ಓದು" ಅಂತ ಬೆನ್ನು ಹತ್ತಿದ್ದರು. 2013ರಲ್ಲಿ ಸಂವಿಧಾನದ ಆ ವಿಧಿಯಡಿ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಬಂದಮೇಲೆ ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಈ ಮಾತು ಸಹಜ. ನಾನೂ ಜೊತೆಗೆ ಅದನ್ನೂ ನೋಡಬಹುದಲ್ವಾ ಅಂದುಬಿಟ್ಟೆ. ಅವನು ತಲೆಯಾಡಿಸಿ ಹೋದ. ಮೂರು ವಾರ ಬರಲಿಲ್ಲ. ಕೈಲಾಗದು ಅಂತ ನಾನೂ ತೀರ್ಪು ಕೊಟ್ಟೆ ಅಂತ ಅವನಿಗೆ ಅನ್ನಿಸಿತ್ತು. ಮತ್ತೆ ಬಂದಾಗ ಮೊದಲು ಕ್ಷಮೆ ಕೇಳಿದೆ. ಉಳಿದ ಕೆಲಸ ಶುರುವಾದದ್ದು ಆಮೇಲೆ.

ಅವತ್ತು ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಿದೆ. ಒಂಬತ್ತು ಪ್ರಶ್ನೆ, ಇಪ್ಪತ್ತೇಳು ಅಂಕ. ಅವನಿಗೆ ಹದಿಮೂರು ಬಂತು. ಹತ್ತರಿಂದ ಹದಿನಾಲ್ಕು ಅಂದರೆ ಮಧ್ಯಮ ಪ್ರಮಾಣದ ಖಿನ್ನತೆಯ ಲಕ್ಷಣ. ಕೊನೆಯ ಪ್ರಶ್ನೆ ಸಾವಿನ ಯೋಚನೆಯದ್ದು. ಅದನ್ನು ಸುತ್ತಿ ಬಳಸಿ ಕೇಳಬಾರದು. ನೇರವಾಗಿ ಕೇಳಿದೆ. "ಸಾಯ್ಬೇಕು ಅಂತಿಲ್ಲ. ಬೆಳಗ್ಗೆ ಎಚ್ಚರ ಆಗದಿದ್ರೆ ಸಾಕು ಅನ್ನಿಸುತ್ತೆ" ಅಂದ. ಇದು ಸುಮ್ನೆ ಬೇಜಾರಿನ ಮಾತು ಅಂತ ನಾನು ಬಿಡಲಿಲ್ಲ. ಅದೇ ವಾರ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ಕಷ್ಟವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವನ ಫೋನಿನಲ್ಲಿ ಅವನ ಕೈಯಿಂದಲೇ ಉಳಿಸಿದೆವು. ವೈದ್ಯರ ಹತ್ತಿರ ಹೋಗಲು ನಾಚಿಕೆ ಪಟ್ಟಾಗ ಒಂದು ವಿಷಯ ಹೇಳಿದೆ. ಮಾನಸಿಕ ಆರೋಗ್ಯವನ್ನು ಜಿಲ್ಲೆಯ ಆಸ್ಪತ್ರೆಗಳಿಗೆ ತಲುಪಿಸುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಮಾಡಿದ್ದು ನಮ್ಮ ಬಳ್ಳಾರಿಯಲ್ಲೇ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮೂರಿನವರು ನಾಚಿಕೊಳ್ಳಬೇಕಾದ ಜಾಗ ಅದಲ್ಲ.

ಕೆಲಸ ಹುಡುಕುವುದರ ಬಗ್ಗೆ ನಾನು ಕೊಟ್ಟ ಸಲಹೆ ಹೆಚ್ಚಿಲ್ಲ. ಕಾಯುವುದಕ್ಕೆ ಕೊನೆ ಇಡು ಅಂದೆ. ಪ್ರತಿ ಅರ್ಜಿಯ ಮುಂದೆ ಹದಿನಾಲ್ಕು ದಿನದ ತಾರೀಖು ಬರೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹೊಡೆದುಹಾಕಿ ‘ಮುಗಿಯಿತು’ ಅಂತ ಬರೆ. ‘ಸೋತೆ’ ಅಂತಲ್ಲ. ಅರ್ಜಿ ಹಾಕಲು ವಾರಕ್ಕೆ ಮೂರು ದಿನ, ಬೆಳಗ್ಗೆ ಎರಡು ತಾಸು ಮಾತ್ರ. ರಾತ್ರಿ ಫೋನ್ ಅಡುಗೆಮನೆಯಲ್ಲಿರಲಿ. ಒಂದು ಹುದ್ದೆಗೆ ನೂರಾರು ಜನ ಅರ್ಜಿ ಹಾಕುವ ಕ್ಷೇತ್ರ ಇದು. ಎಷ್ಟೋ ಕಡೆ ನಿನ್ನ ಚಿತ್ರವನ್ನು ಯಾರೂ ತೆರೆದೇ ನೋಡಿರುವುದಿಲ್ಲ. ನೋಡದವರ ಮೌನವನ್ನು ನಿನ್ನ ಕೈಗೆ ಕೊಟ್ಟ ಅಂಕ ಅಂತ ಓದಬೇಡ ಅಂದೆ.

ಇದು ಒಂದೇ ಸಲಕ್ಕೆ ಇಳಿಯಲಿಲ್ಲ. ಪ್ರತಿ ವಾರ ಹೇಳಬೇಕಾಯಿತು.

ಅವನ ಪೋರ್ಟ್‌ಫೋಲಿಯೊ ನೋಡಿದಾಗ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಬಿಡುವಿನಲ್ಲಿ ಅವನು ಪರಿಚಯದವರ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಬ್ಯಾನರ್ ಮಾಡುತ್ತಿದ್ದ. ಅದು ಚಿಕ್ಕ ಕೆಲಸ ಅಂತ ಬಚ್ಚಿಟ್ಟಿದ್ದ. ನನಗೆ ಡಿಸೈನ್ ಗೊತ್ತಿಲ್ಲ, ಅದಕ್ಕೇ ಅವನಿಂದ ಪಾಠ ಹೇಳಿಸಿಕೊಂಡೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸದೆ ವೆಬ್‌ಸೈಟಿಗೆ ಹಾಕಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಫೋಟೋಶಾಪ್‌ನಲ್ಲಿ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಜಾರುತ್ತದೆ. ‘ಬಳ್ಳಾರಿ’ಯ ಳಕಾರದ ಒತ್ತು ಬೀದಿಬೀದಿಯಲ್ಲಿ ಹೀಗೆ ಒಡೆದಿರುವುದನ್ನು ತೋರಿಸಿದ. ಇಪ್ಪತ್ತು ನಿಮಿಷ ಮಾತಾಡಿದ. ಒಮ್ಮೆಯೂ ಫೋನ್ ನೋಡಲಿಲ್ಲ. ಇದನ್ನ ಯಾಕೆ ಯಾರಿಗೂ ತೋರಿಸಿಲ್ಲ ಅಂತ ಕೇಳಿದೆ. ಅವನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ನಾಲ್ಕು ಕನ್ನಡ ಕೆಲಸ ಸೇರಿಸಿಕೊಂಡು ಬಂದ.

ಟೆಸ್ಟ್‌ನ ಗಂಟು ಬಿಡಿಸಿದ್ದು ನಾನಲ್ಲ, ಅವರಪ್ಪ. ಮನೆಯಲ್ಲಿ ಅಪ್ಪ ದಿನಾ "ಏನಾತಪ್ಪ ಬೆಂಗಳೂರಿಂದು?" ಅಂತ ಕೇಳುತ್ತಿದ್ದರು. ಇವನು "ನೋಡ್ತಾರಂತೆ" ಅಂತ ತಪ್ಪಿಸಿಕೊಳ್ಳುತ್ತಿದ್ದ. ಒಮ್ಮೆ ಪೂರ್ತಿ ಹೇಳಿಬಿಡು ಅಂದೆ. ಹೇಳಿದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ: "ನಮ್ಮಲ್ಲಿ ಸ್ಯಾಂಪಲ್ ಪೀಸ್ ಹೊಲಿಯೋನಿಗೆ ಕೂಲಿ ಜಾಸ್ತಿ. ಆರ್ಡರ್ ಬರಲಿ ಬಿಡಲಿ, ಹೊಲಿದಿದ್ದಕ್ಕ ರೊಕ್ಕ ಕೊಡ್ತಾರ. ನಿನಗ ಯಾಕ ಕೊಡಲ್ಲ?" ಇದನ್ನು ನನಗೆ ಹೇಳುವಾಗ ಅವನ ಕಣ್ಣು ತುಂಬಿತ್ತು. ಅಪ್ಪ ಬೈಯ್ಯುತ್ತಾರೆ ಅಂದುಕೊಂಡಿದ್ದ. ಅಪ್ಪ ಅವನನ್ನೂ ಒಬ್ಬ ಕೆಲಸಗಾರ ಅಂತ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಅವತ್ತೇ ಕೂತು ಟೆಸ್ಟ್ ಕೇಳುವವರಿಗೆ ಕಳಿಸಲು ಮೂರು ಸಾಲು ಬರೆದೆವು. ಎಷ್ಟು ಗಂಟೆಯ ಕೆಲಸ? ಇದನ್ನು ನೀವು ಬಳಸುತ್ತೀರಾ? ಬಳಸುವುದಾದರೆ ಎಷ್ಟು ಕೊಡುತ್ತೀರಿ? ನಾಲ್ಕು ಗಂಟೆಗಿಂತ ಹೆಚ್ಚಿನ ಬಿಟ್ಟಿ ಕೆಲಸ ಬೇಡ ಅಂತ ಅವನೇ ಗೆರೆ ಎಳೆದುಕೊಂಡ. ಇದನ್ನು ಕಳಿಸಿದಮೇಲೆ ಒಂದು ಕಡೆಯವರು ಮಾತೇ ನಿಲ್ಲಿಸಿದರು. ಇನ್ನೊಂದು ಕಡೆಯವರು ಕೆಲಸವನ್ನು ಒಂದು ಪೋಸ್ಟರ್‌ಗೆ ಇಳಿಸಿದರು. ಕನ್ನಡದ ಪೋಸ್ಟರ್.

ಈಗ ನಾಲ್ಕನೇ ತಿಂಗಳು. ಔಷಧಿ ನಡೆದಿದೆ, ನಿದ್ದೆ ಬರುತ್ತಿದೆ. ಪ್ರಶ್ನಾವಳಿಯ ಅಂಕ ಏಳಕ್ಕೆ ಇಳಿದಿದೆ. ನೌಕರಿ ಇನ್ನೂ ಸಿಕ್ಕಿಲ್ಲ. ಆ ಪೋಸ್ಟರ್ ಮೆಚ್ಚಿ ಮಾತಾಡಲು ಕರೆದಿದ್ದರು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬಂದ. ಕಳೆದ ವಾರ ನೋಟ್‌ಬುಕ್ ತೋರಿಸಿದ. ಆ ಸಾಲಿನ ಮುಂದೆ ತಾರೀಖು ಬರೆದಿದ್ದಾನೆ, ಬರುವ ಗುರುವಾರಕ್ಕೆ ಹದಿನಾಲ್ಕು ದಿನ. ಫೋನ್ ಎಲ್ಲಿ ಅಂತ ಕೇಳಿದೆ. ಬ್ಯಾಗಿನಲ್ಲಿತ್ತು.