“ಏನೂ ಮಾಡದವಳ ಮಂಡಿ ಹೇಗೆ ಸವೆಯಿತು?”

ನಿಮ್ಮ ಪ್ರಶ್ನೆಯಲ್ಲಿ ಎರಡು ತೊಡಕುಗಳಿವೆ. ಇತ್ತೀಚೆಗೆ ತೀರಿಕೊಂಡ ನಿಮ್ಮ ಸೋದರತ್ತೆ ಜೀವನವಿಡೀ ಮನೆ ನೋಡಿಕೊಂಡವರು, ಆದ್ದರಿಂದ ಅವರ ನೆನಪಿನಲ್ಲಿ ಬಂಧುಗಳ ಮುಂದೆ ಓದಲು ‘ಸಾಧನೆ’ ಎನ್ನುವಂಥದ್ದು ಸಿಗುತ್ತಿಲ್ಲ ಎಂಬುದು ಒಂದು. ಅವರ ಖಾರದ ಮಾತುಗಳನ್ನು ಬರೆದರೆ ಅಗೌರವವಾಗುತ್ತದೆ, ಬಿಟ್ಟರೆ ಅದು ಅವರ ಚಿತ್ರವೇ ಆಗುವುದಿಲ್ಲ ಎಂಬುದು ಇನ್ನೊಂದು. ನನ್ನ ಚಿಕ್ಕಮ್ಮ ತೀರಿಕೊಂಡಾಗ ನಾನೂ ಇದೇ ಇಕ್ಕಟ್ಟಿಗೆ ಸಿಕ್ಕಿಕೊಂಡಿದ್ದೆ ಮತ್ತು ಮೊದಲ ಸಲ ಕೆಟ್ಟದಾಗಿ ಸೋತಿದ್ದೆ. ಆ ಸೋಲಿನಿಂದಲೇ ಆರಂಭಿಸುತ್ತೇನೆ.

ಮೊದಲು ಬರೆದ ಎರಡು ಪುಟಗಳಲ್ಲಿ ನಾನು ಚಿಕ್ಕಮ್ಮನನ್ನು ಸಹನಾಮೂರ್ತಿ, ಮೃದುಭಾಷಿ, ಎಲೆಮರೆಯ ಕಾಯಿ ಎಂದೆಲ್ಲ ವರ್ಣಿಸಿದ್ದೆ. ಅದನ್ನು ಓದಿದ ಅವರ ಮಗಳು ಕಾಗದವನ್ನು ಮಡಿಸಿ ವಾಪಸು ಕೊಟ್ಟು, “ಚೆನ್ನಾಗಿದೆ, ಆದರೆ ಇದು ಯಾರ ಬಗ್ಗೆ?” ಎಂದು ಕೇಳಿದಳು. ತಾಯಿಯ ನಾಲಿಗೆ ಮಗಳಿಗೂ ಬಂದಿತ್ತೆನ್ನಿ. ಅವಳ ಮಾತು ನಿಜವಾಗಿತ್ತು. ನಮ್ಮ ಚಿಕ್ಕಮ್ಮ ಎಲೆಮರೆಯಲ್ಲಿ ಒಂದು ದಿನವೂ ಇದ್ದವರಲ್ಲ. ಬಾಗಿಲಲ್ಲಿ ನಿಂತು ಮಾತನಾಡಿದರೆ ಮೂರನೆಯ ಮನೆಗೆ ಕೇಳಿಸುತ್ತಿತ್ತು, ಮತ್ತು ಕೇಳಿಸಲಿ ಎಂದೇ ಅವರು ಮಾತನಾಡುತ್ತಿದ್ದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ಸಂಕೋಚದಲ್ಲಿ ನಾವು ಎಲ್ಲ ಹೆಂಗಸರಿಗೂ ಒಂದೇ ಅಳತೆಯ ಅಂಗಿ ತೊಡಿಸಿಬಿಡುತ್ತೇವೆ.

ಆಮೇಲೆ ನಾನು ಬಂಧುಗಳನ್ನು ಕೇಳುವ ಪ್ರಶ್ನೆಯನ್ನು ಬದಲಾಯಿಸಿದೆ. “ಅವರು ಹೇಗಿದ್ದರು?” ಎಂದು ಕೇಳಿದರೆ ಎಲ್ಲರೂ “ತುಂಬಾ ಒಳ್ಳೆಯವರು” ಎಂದು ಹೇಳಿ ಸುಮ್ಮನಾಗುತ್ತಾರೆ. “ಅವರು ನಿಮ್ಮನ್ನು ಯಾವಾಗ ಬೈದರು?” ಎಂದು ಕೇಳತೊಡಗಿದ ಮೇಲೆ ಜನರ ಮುಖವೇ ಬೇರೆಯಾಯಿತು. ಬೈಸಿಕೊಳ್ಳದವರು ಒಬ್ಬರೂ ಇರಲಿಲ್ಲ, ಬೈಸಿಕೊಂಡ ದಿನವನ್ನು ಮರೆತವರೂ ಇರಲಿಲ್ಲ. ಪರೀಕ್ಷೆಯಲ್ಲಿ ಫೇಲಾದ ವಿಷಯವನ್ನು ಮನೆಯಲ್ಲಿ ಮುಚ್ಚಿಟ್ಟಿದ್ದ ಸೋದರಸಂಬಂಧಿಯೊಬ್ಬನಿಗೆ ಅವರು, “ಫೇಲಾಗಿದ್ದಕ್ಕೆ ಬೈಯೋದಿಲ್ಲ ಕಣೋ, ಇಷ್ಟು ದಡ್ಡ ಸುಳ್ಳು ಹೇಳಿದೀಯಲ್ಲ, ಅದಕ್ಕೆ ಬೈತೀನಿ” ಎಂದಿದ್ದರಂತೆ. ಮತ್ತೆ ಪರೀಕ್ಷೆ ಕಟ್ಟಲು ಬೇಕಾದ ಹಣವನ್ನು ಕೊಟ್ಟವರೂ ಅವರೇ. ಪಕ್ಕದ ಮನೆಯ ಹಿರಿಯರೊಬ್ಬರು ಸೊಸೆಯ ಮೇಲೆ ಕೈಯೆತ್ತಿದ ದಿನ ಇವರು ಅವರ ಅಂಗಳಕ್ಕೇ ಹೋಗಿ, “ಇನ್ನೊಂದು ಸಲ ಆದರೆ ಪೊಲೀಸರಿಗಿಂತ ಮುಂಚೆ ನಾನು ಬರ್ತೀನಿ” ಎಂದು ಹೇಳಿಬಂದದ್ದನ್ನು ಆ ಸೊಸೆಯೇ ನನಗೆ ಹೇಳಿದಳು. ಚಿಕ್ಕಮ್ಮ ನಮ್ಮ ಬಳಿ ಅದನ್ನೊಮ್ಮೆಯೂ ಪ್ರಸ್ತಾಪಿಸಿರಲಿಲ್ಲ.

ಇನ್ನು ‘ಸಾಧನೆ’ಯ ವಿಚಾರ. ಮನೆಗೆಲಸವನ್ನು ಲೆಕ್ಕಕ್ಕೆ ಹಿಡಿಯದಿರುವುದು ನಿಮ್ಮ ಬಂಧುಗಳೊಬ್ಬರ ತಪ್ಪಲ್ಲ. ಲೆಕ್ಕ ಬರೆಯುವವರೇ ಅದನ್ನು ಹೊರಗಿಟ್ಟಿದ್ದಾರೆ. ದೇಶಗಳ ಆದಾಯವನ್ನು ಅಳೆಯಲು ವಿಶ್ವಸಂಸ್ಥೆ ರೂಪಿಸಿರುವ ಪದ್ಧತಿಯ ಪ್ರಕಾರ, ಒಂದು ಕುಟುಂಬ ತನ್ನ ಬಳಕೆಗೆಂದು ಬೆಳೆದುಕೊಂಡ ಬೆಳೆ ಉತ್ಪಾದನೆ ಎನಿಸಿಕೊಳ್ಳುತ್ತದೆ, ಆದರೆ ಅದನ್ನು ಬೇಯಿಸಿ ಬಡಿಸುವ, ಮಕ್ಕಳನ್ನು ಸಾಕುವ, ಮುದುಕರನ್ನು ನೋಡಿಕೊಳ್ಳುವ ಮನೆಯವರ ದುಡಿಮೆ ಉತ್ಪಾದನೆ ಎನಿಸಿಕೊಳ್ಳುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ, ಜಗತ್ತಿನಲ್ಲಿ ಪ್ರತಿದಿನ ಸುಮಾರು 1,640 ಕೋಟಿ ಗಂಟೆಗಳಷ್ಟು ಸಂಬಳವಿಲ್ಲದ ಆರೈಕೆಯ ಕೆಲಸ ನಡೆಯುತ್ತದೆಂದೂ ಅದರ ಶೇಕಡಾ 76.2ರಷ್ಟನ್ನು ಹೆಂಗಸರೇ ಮಾಡುತ್ತಾರೆಂದೂ ಅಂದಾಜು ಮಾಡಿದೆ. ಮನೆಗೆಲಸದಾಕೆಯನ್ನು ಯಜಮಾನ ಮದುವೆಯಾದರೆ, ಕೆಲಸ ಅಷ್ಟೇ ಇದ್ದರೂ ಸಂಬಳ ನಿಂತುಹೋಗುವುದರಿಂದ ದೇಶದ ಆದಾಯ ಕಡಿಮೆಯಾಗುತ್ತದೆ ಎಂಬ ವಿಚಿತ್ರವನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ 1920ರಷ್ಟು ಹಿಂದೆಯೇ ಎತ್ತಿ ತೋರಿಸಿದ್ದರು. ಕಾಲೇಜಿನ ದಿನಗಳಲ್ಲಿ ಇದನ್ನು ದೊಡ್ಡ ಜಾಣನಂತೆ ಚಿಕ್ಕಮ್ಮನಿಗೆ ವಿವರಿಸಿದ್ದೆ. ಅವರು ಒಗೆದ ಬಟ್ಟೆಯನ್ನು ಕೊಡವುತ್ತಲೇ ಕೇಳಿಸಿಕೊಂಡು, “ಹಾಗಾದರೆ ನಿಮ್ಮ ಚಿಕ್ಕಪ್ಪ ನನ್ನನ್ನ ಮದುವೆಯಾಗಿ ದೇಶಕ್ಕೇ ನಷ್ಟ ಮಾಡಿದರು ಅನ್ನು, ಹೋಗಿ ಹೇಳು ಅವರಿಗೆ” ಎಂದರು. ನಾನು ಬರೆದದ್ದರಲ್ಲಿ ಪಿಗೂ ಅವರ ಹೆಸರು ಉಳಿಯಲಿಲ್ಲ, ಈ ಉತ್ತರ ಉಳಿಯಿತು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಪ್ರಸಂಗವಿದೆ. ಮಂಡಿನೋವು ಹೆಚ್ಚಾಗಿ ಅವರನ್ನು ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದಾಗ, ಅರ್ಜಿ ತುಂಬುತ್ತಿದ್ದ ಯುವಕ ‘ಉದ್ಯೋಗ’ ಎಂಬ ಕಡೆ ಯಾರನ್ನೂ ಕೇಳದೆ ‘ಏನೂ ಇಲ್ಲ’ ಎಂದು ಬರೆದ. ಕನ್ನಡಕವಿಲ್ಲದೆಯೂ ಅದನ್ನು ಓದಿಬಿಟ್ಟ ಚಿಕ್ಕಮ್ಮ, ಬಹಳ ಮರ್ಯಾದೆಯಿಂದ, ಬಹುವಚನದಲ್ಲಿಯೇ, “ಏನೂ ಮಾಡದವಳ ಮಂಡಿ ಹೇಗೆ ಸವೆಯಿತು ಅಂತ ಒಳಗೆ ಡಾಕ್ಟರು ಕೇಳಿದರೆ ನೀವೇ ಬಂದು ಉತ್ತರ ಹೇಳ್ತೀರಾ?” ಎಂದರು. ಯುವಕ ಅದನ್ನು ಹೊಡೆದುಹಾಕಿ ‘ಗೃಹಿಣಿ’ ಎಂದು ಬರೆದ. ಅವರು ಬಹುವಚನಕ್ಕೆ ಇಳಿದರೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥವೆಂಬುದು ಮನೆಯವರಿಗೆ ಮಾತ್ರ ಗೊತ್ತಿತ್ತು. ನಿಮ್ಮ ಅತ್ತೆಗೂ ಇಂಥದ್ದೊಂದು ಗುರುತು ಇದ್ದೇ ಇರುತ್ತದೆ. ಅದನ್ನು ಹುಡುಕಿ ತೆಗೆಯಿರಿ.

ಸಂಬಳದ ಚೀಟಿ, ಬಡ್ತಿಯ ಪತ್ರ, ಬೀಳ್ಕೊಡುಗೆಯ ಫೋಟೊ ಇವು ಯಾವುವೂ ಗೃಹಿಣಿಯ ಹಿಂದೆ ಉಳಿಯುವುದಿಲ್ಲವಾದ್ದರಿಂದ, ಬೇರೆ ಜಾಗದಲ್ಲಿ ಹುಡುಕಬೇಕು. ನಮಗೆ ಸಿಕ್ಕಿದ್ದು ಅವರ ಲೆಕ್ಕದ ಪುಸ್ತಕಗಳು. ಮಕ್ಕಳು ಬರೆದು ಬಿಟ್ಟ ನೋಟ್‌ಬುಕ್ಕುಗಳ ಉಳಿದ ಹಾಳೆಗಳನ್ನು ಹೊಲಿದು ಅವರೇ ಮಾಡಿಕೊಂಡವು. ಬೆನ್ನಿನ ದಾರಕ್ಕೆ ಒಂದು ಪೆನ್ಸಿಲ್ ತುಂಡು ಕಟ್ಟಿರುತ್ತಿತ್ತು. ಎಡಗಡೆ ಖರ್ಚು, ಬಲಗಡೆ ಮೊತ್ತ, ನಡುವೆ ಜಾಗವಿದ್ದಲ್ಲೆಲ್ಲ ಅಭಿಪ್ರಾಯ. “ಹೊಸ ಸಿಲಿಂಡರ್ ಹಾಕಿದ್ದು” ಎಂಬುದರ ಪಕ್ಕದಲ್ಲಿ “ಹೋದ ಸಲಕ್ಕಿಂತ ನಾಲ್ಕು ದಿನ ಕಮ್ಮಿ ಬಂತು, ನೆಂಟರು ಹೆಚ್ಚು” ಎಂದಿತ್ತು. ಇನ್ನೊಂದು ಕಡೆ “ತಮ್ಮ ಬಂದಿದ್ದ. ಕೊಟ್ಟ ಸಾಲ ಕೇಳಲಿಲ್ಲ. ಕೇಳಬೇಕಿತ್ತು” ಎಂದಿದ್ದು, ಅದರ ಕೆಳಗೆ ಬೇರೆ ದಿನದ ಬರಹದಲ್ಲಿ “ಕೇಳಿದೆ” ಎಂಬ ಒಂದೇ ಪದವಿತ್ತು. ನಾನು ಆ ತಮ್ಮನ ಮಗ. ಓದುವಾಗ ನಗುವೂ ಬಂತು, ಮುಖವೂ ಬಿಸಿಯಾಯಿತು. (ತಂದೆಯ ಅಕ್ಕನಾದ ಅವರನ್ನು ನಾವು ಅತ್ತೆ ಎನ್ನಬೇಕಿತ್ತು, ಚಿಕ್ಕಂದಿನಲ್ಲಿ ಅವರ ಮಕ್ಕಳ ಜೊತೆಯಲ್ಲೇ ಬೆಳೆದದ್ದರಿಂದ ‘ಅಮ್ಮ’ ಸೇರಿದ ಹೆಸರೇ ಬಾಯಿಗೆ ಬಂದು ನಿಂತುಬಿಟ್ಟಿತು.) ಕಪಾಟಿನ ಹಾಳೆಯ ಕೆಳಗೆ, ಔಷಧಿ ಡಬ್ಬದ ಮುಚ್ಚಳದಲ್ಲಿ, ಹಳೆಯ ಕ್ಯಾಲೆಂಡರಿನ ಬೆನ್ನಲ್ಲಿ ನಿಮ್ಮ ಅತ್ತೆಯ ಕೈಬರಹವಿದೆಯೇ ಎಂದು, ಮನೆ ಖಾಲಿ ಮಾಡುವ ಮೊದಲು ನೋಡಿಬಿಡಿ.

ಖಾರದ ಮಾತುಗಳ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ಆದಷ್ಟೂ ಅವರ ಬಾಯಿಂದ ಬಂದಂತೆಯೇ ಬರೆಯಿರಿ. “ಅವರು ನಿಷ್ಠುರವಾದಿಯಾಗಿದ್ದರು” ಎಂಬ ವಾಕ್ಯವನ್ನು ಯಾರ ಬಗ್ಗೆಯಾದರೂ ಬರೆಯಬಹುದು. ಹಾಗೆಂದು ಎಲ್ಲವನ್ನೂ ಬರೆಯಬೇಕಿಲ್ಲ. ಮಾತು ಅಧಿಕಾರವಿದ್ದವರ ಮೇಲೆ ಬಿದ್ದದ್ದಾದರೆ ಧಾರಾಳವಾಗಿ ಬರೆಯಿರಿ. ತಮ್ಮ ಪರ ಹೇಳಿಕೊಳ್ಳಲಾಗದವರ ಮೇಲೆ ಬಿದ್ದದ್ದಾದರೆ ಅವರನ್ನು ಕೇಳದೆ ಬರೆಯಬೇಡಿ. ನಮ್ಮ ಚಿಕ್ಕಮ್ಮ ಒಂದು ಮದುವೆಯ ಮನೆಯಲ್ಲಿ, ಮಕ್ಕಳಿಲ್ಲದ ಬಂಧುವೊಬ್ಬರಿಗೆ ಎಲ್ಲರೆದುರು ಒಂದು ಮಾತು ಆಡಿದ್ದರು. ಅದು ನೇರ ನುಡಿಯಲ್ಲ, ಕ್ರೌರ್ಯ. ಹನ್ನೊಂದು ವರ್ಷ ಆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು, ಮತ್ತು ಕ್ಷಮೆ ಕೇಳುವುದು ಇವರ ಜಾಯಮಾನದಲ್ಲೇ ಇರಲಿಲ್ಲ. ನಾನು ಆ ಬಂಧುವಿನ ಬಳಿಗೆ ಹೋಗಿ ವಿಷಯ ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜಗಳ ಆಗಿತ್ತು ಅಂತ ಬರಿ. ಮಾತು ಬರೀಬೇಡ” ಎಂದರು. ಹಾಗೆಯೇ ಬರೆದೆ, ಇಲ್ಲಿಯೂ ಹಾಗೆಯೇ ಬಿಟ್ಟಿದ್ದೇನೆ. ಅಷ್ಟನ್ನಾದರೂ ಬರೆಯದಿದ್ದರೆ, ನಾನು ಓದಿದ ದಿನ ಎದುರಿನ ಸಾಲಿನಲ್ಲಿ ಕುಳಿತಿದ್ದ ಆ ಬಂಧು ಉಳಿದ ಹೊಗಳಿಕೆಯಲ್ಲಿ ಒಂದಕ್ಷರವನ್ನೂ ನಂಬುತ್ತಿರಲಿಲ್ಲ.

ಜನ್ಮದಿನ, ಓದು, ಮದುವೆ, ಮಕ್ಕಳು, ಮೊಮ್ಮಕ್ಕಳು ಇವನ್ನು ನಾಲ್ಕು ಸಾಲಿನಲ್ಲಿ ಮುಗಿಸಿ. ಬಂದವರಿಗೆ ಅವು ಗೊತ್ತೇ ಇರುತ್ತವೆ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಏಕೆಂದರೆ ಕಾಗದದ ಮೇಲೆ ಸರಿಯೆನಿಸಿದ ಉದ್ದನೆಯ ವಾಕ್ಯ ಗಂಟಲು ಕಟ್ಟಿದಾಗ ಮುಗಿಯುವುದೇ ಇಲ್ಲ.

ನಾನು ಓದಿದ ದಿನ ಆಸ್ಪತ್ರೆಯ ಪ್ರಸಂಗ ಬಂದಾಗ ಜನ ನಕ್ಕರು. ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಚಿಕ್ಕಪ್ಪ ಕೈಯೆತ್ತಿ ನನ್ನನ್ನು ನಿಲ್ಲಿಸಿ, “ಅವಳು ಅಷ್ಟಕ್ಕೇ ಬಿಡಲಿಲ್ಲ. ವಾಪಸು ಬರುವಾಗ ಆಟೋದಲ್ಲಿ, ‘ಆ ಹುಡುಗ ಬರೆದ, ಸರಿ. ನೀವು ಪಕ್ಕದಲ್ಲೇ ಕೂತಿದ್ದಿರಲ್ಲ, ಬಾಯಲ್ಲಿ ಏನಿತ್ತು?’ ಅಂದಳು. ಅದನ್ನೂ ಬರ್ಕೋ” ಎಂದರು. ಜೇಬಿನಲ್ಲಿದ್ದ ಪೆನ್ನು ತೆಗೆದು ಅಲ್ಲಿಯೇ, ಎಲ್ಲರೆದುರು, ಅಂಚಿನಲ್ಲಿ ಬರೆದುಕೊಂಡೆ.