ನೀಲಗಿರಿಯಲ್ಲಿ ಇಲಿಯೊಂದು ಅಳಿವಿನಂಚಿನಲ್ಲಿದೆಯಂತೆ, ನಿಜವೇ? ಗಿಡ ನೆಟ್ಟರೆ ಉಳಿದೀತೇ?

ನಿಜ. ಆದರೆ ದಯವಿಟ್ಟು ಅಲ್ಲಿ ಗಿಡ ನೆಡಬೇಡಿ!

ನೀವು ಕೇಳಿರುವುದು ಬಾನ್‌ಹೋಟ್ ಇಲಿಯ ಬಗ್ಗೆ. ಶಾಸ್ತ್ರೀಯ ಹೆಸರು ಮುಸ್ ಫಾಮ್ಯುಲಸ್. ನೀಲಗಿರಿಯ ಕೂನೂರಿನಲ್ಲಿ ಸಿಕ್ಕ ಇಲಿಯನ್ನು ನೋಡಿ ಬಾನ್‌ಹೋಟ್ ಎಂಬ ಪ್ರಾಣಿಶಾಸ್ತ್ರಜ್ಞರು 1898ರಲ್ಲಿ ಇದನ್ನು ವಿವರಿಸಿದರು. ನಮ್ಮ ಅಡುಗೆಮನೆಯ ಸಣ್ಣ ಇಲಿಯದೇ ಕುಲ. ಹಾಗೆಂದು ಊಟಿಯ ಹೋಟೆಲ್ ಕೋಣೆಯಲ್ಲಿ ನಿಮ್ಮ ಬಿಸ್ಕತ್ತು ಕಚ್ಚಿದ್ದು ಇದೇ ಎಂದುಕೊಳ್ಳಬೇಡಿ. ಇದರ ನೆಲೆ ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಎತ್ತರದ ಬೆಟ್ಟಗಳಲ್ಲಿ, ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಕುಳ್ಳ ಮರಗಳ ನಿತ್ಯಹಸಿರು ಕಾಡು) ಮತ್ತು ಹುಲ್ಲುಗಾವಲು ಬೆರೆತಿರುವ ಕಡೆ. ಅಳಿವಿನ ಭೀತಿಯಲ್ಲಿರುವ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಅಪಾಯದಲ್ಲಿರುವ ಪ್ರಾಣಿ ಎಂದು ಗುರುತಿಸಿದೆ.

ಪ್ರಾಣಿಶಾಸ್ತ್ರ ಓದಿದವನಾಗಿ ನನಗೆ ಸೋಜಿಗವೆನಿಸುವುದು ನಮ್ಮ ಕಾನೂನು. 1972ರ ವನ್ಯಜೀವಿ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಕಾಗೆಯ ಜೊತೆಗೆ ಇಲಿಗಳೂ ಪೀಡೆಯ ಪಟ್ಟಿಗೆ ಸೇರಿದ್ದವು. ಎಲ್ಲಿಯ ಇಲಿ, ಯಾವ ಜಾತಿ ಎಂದು ಯಾರೂ ವಿಚಾರಿಸಲಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು. ಪೀಡೆಯಲ್ಲ ಎಂದಾದ ಮಾತ್ರಕ್ಕೆ ರಕ್ಷಣೆ ಸಿಕ್ಕಿತು ಎಂದೇನಲ್ಲ. ಹುಲಿಗೆ ಸಿಗುವ ಹಣ, ಕಾವಲು ಇಲಿಗೆ ಎಲ್ಲಿಂದ ಬರಬೇಕು?

ಹುಲ್ಲುಗಾವಲಿಗೂ ಅದೇ ಪಾಡು. ಬ್ರಿಟಿಷರ ಕಣ್ಣಿಗೆ ಅದು ಪಾಳುಭೂಮಿ. ಆಸ್ಟ್ರೇಲಿಯಾದಿಂದ ನೀಲಗಿರಿ ಮರ, ವ್ಯಾಟಲ್ ಎಂಬ ಅಕೇಶಿಯಾ ಜಾತಿಯ ಮರ ತರಿಸಿ ನೆಟ್ಟರು, ಉಳಿದ ಕಡೆ ಚಹಾ ತೋಟ. ಸ್ವಾತಂತ್ರ್ಯ ಬಂದ ಮೇಲೂ ಸೌದೆಗೆ, ಕಾರ್ಖಾನೆಗಳಿಗೆ ನೆಡುವುದು ನಡೆದೇ ಇತ್ತು. ಅಲ್ಲಿ ಮರ ಬೆಳೆಯದಿರುವುದಕ್ಕೆ ಯಾರೋ ಕಡಿದದ್ದು ಕಾರಣವಲ್ಲ. ಚಳಿಗಾಲದ ರಾತ್ರಿಗಳಲ್ಲಿ ಬಯಲಿನ ಮೇಲೆ ಹಿಮ ಕಟ್ಟುತ್ತದೆ, ಶೋಲಾದ ಎಳೆ ಸಸಿಗಳು ಸುಟ್ಟಂತೆ ಕರಕಲಾಗುತ್ತವೆ. ಹುಲ್ಲು ತಡೆದುಕೊಳ್ಳುತ್ತದೆ. ಅದು ಸಾವಿರಾರು ವರ್ಷಗಳಿಂದ ಹುಲ್ಲುಗಾವಲೇ. ದುರದೃಷ್ಟವೆಂದರೆ ವ್ಯಾಟಲ್ ಕೂಡ ತಡೆದುಕೊಳ್ಳುತ್ತದೆ. ಅದರ ದಟ್ಟ ನೆರಳಿನಲ್ಲಿ ಹುಲ್ಲು ಸಾಯುತ್ತದೆ. ನಡುವೆ ಮರಗಳು, ತೋಟ, ರಸ್ತೆ ಬಂದು ನೆಲೆ ತುಂಡುತುಂಡಾದರೆ ಗೇಣುದ್ದವೂ ಇಲ್ಲದ ಪ್ರಾಣಿ ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವುದು ಹೇಗೆ?

ಹಾಗಾಗಿ ಬೇಕಾದದ್ದು ನೆಡುವ ಕೆಲಸವಲ್ಲ, ಕೀಳುವ ಕೆಲಸ. ವಿದೇಶಿ ಮರಗಳನ್ನು ತೆಗೆಯುವಂತೆ ಮದ್ರಾಸ್ ಹೈಕೋರ್ಟ್ ತಮಿಳುನಾಡು ಸರ್ಕಾರಕ್ಕೆ ಸೂಚಿಸಿದೆ. ಆದರೆ ಒಮ್ಮೆ ಕಡಿದು ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ವ್ಯಾಟಲ್ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತದೆ, ಬಿಸಿಲು ಬಿದ್ದ ಕೂಡಲೇ ಮೊಳೆಯುತ್ತದೆ. ವರ್ಷ ವರ್ಷವೂ ಹೋಗಿ ಸಸಿ ಕಿತ್ತು, ಊರಿನ ಹುಲ್ಲನ್ನೇ ನಾಟಿ ಮಾಡಬೇಕು.