ಆಸ್ಪತ್ರೆಯ ಲಂಚಕ್ಕೆ ಜಾಗತಿಕ ಒಪ್ಪಂದಗಳಿಂದ ಏನು ಪ್ರಯೋಜನ?

ಪ್ರಶ್ನೆ: ಕಳೆದ ತಿಂಗಳು ತಂದೆಯವರನ್ನು ಸರಕಾರಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಎಕ್ಸ್‌-ರೇ ಕೋಣೆಯವರೆಗೆ ಸ್ಟ್ರೆಚರ್ ತಳ್ಳಿದವರು ‘ಚಾ ಕುಡಿಯಲಿಕ್ಕೆ’ ಎಂದು ಇನ್ನೂರು ರೂಪಾಯಿ ಕೇಳಿ ಪಡೆದರು. ಇಂಜೆಕ್ಷನ್ ‘ಸ್ಟಾಕ್ ಇಲ್ಲ’ ಎಂದು ಚೀಟಿ ಬರೆದುಕೊಟ್ಟು ಹೊರಗಿನ ಮೆಡಿಕಲ್‌ನಿಂದ ತರಿಸಿದರು. ಆರೋಗ್ಯ ಕ್ಷೇತ್ರದ ಭ್ರಷ್ಟಾಚಾರದ ವಿರುದ್ಧ ಜಾಗತಿಕ ಮಟ್ಟದಲ್ಲಿ ನೀತಿ ರೂಪಿಸುತ್ತಿದ್ದಾರೆಂದು ಓದಿದೆ. ಅದರಿಂದ ನಮ್ಮಂಥವರಿಗೇನು ಪ್ರಯೋಜನ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಹಣ ಪಡೆದದ್ದು ತಪ್ಪೇ. ಆದರೆ ಆ ಚೀಟಿ ಎತ್ತುವ ಪ್ರಶ್ನೆ ಅದಕ್ಕಿಂತ ದೊಡ್ಡದು. ಔಷಧ ನಿಜಕ್ಕೂ ಮುಗಿದಿತ್ತೇ, ಆಸ್ಪತ್ರೆಯವರು ಬೇಡಿಕೆಯನ್ನೇ ಸಲ್ಲಿಸಿರಲಿಲ್ಲವೇ, ಅಥವಾ ಸರಬರಾಜಾದ ಔಷಧ ಬೇರೆ ದಾರಿ ಹಿಡಿಯಿತೇ ಎಂಬುದು ರೋಗಿಯ ಕಡೆಯವರಿಗೆ ತಿಳಿಯುವುದೇ ಇಲ್ಲ. ಜಾಗತಿಕ ನೀತಿಯಿಂದ ನಾವು ನಿರೀಕ್ಷಿಸಬೇಕಾದದ್ದು ಮುಖ್ಯವಾಗಿ ಇಂಥ ಲೆಕ್ಕಗಳು ಜನರ ಕಣ್ಣಿಗೆ ಬೀಳುವಂತಾಗುವುದನ್ನು ಎಂದು ನಾನು ನಂಬುತ್ತೇನೆ.

ವಿಶ್ವಸಂಸ್ಥೆಯು 2003ರಲ್ಲಿ ಅಂಗೀಕರಿಸಿದ, ಭಾರತವು 2011ರಲ್ಲಿ ಅನುಮೋದಿಸಿದ ಭ್ರಷ್ಟಾಚಾರ ವಿರೋಧಿ ಒಪ್ಪಂದದಲ್ಲಿ ಸರಕಾರಿ ಖರೀದಿಯ ಪಾರದರ್ಶಕತೆಯ ಜೊತೆಗೆ ದೂರು ನೀಡುವವರ ರಕ್ಷಣೆಯ ಪ್ರಸ್ತಾಪವೂ ಇದೆ. 2019ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆಯು ಔಷಧಗಳಿಗೆ ವಾಸ್ತವವಾಗಿ ತೆರುವ ಬೆಲೆಯನ್ನು ಸರಕಾರಗಳು ಪ್ರಕಟಿಸಬೇಕೆಂದು ನಿರ್ಣಯ ಕೈಗೊಂಡಿತು. ಬ್ರಿಟನ್ ಮತ್ತು ಜರ್ಮನಿ ಅದರಿಂದ ದೂರ ಉಳಿದವು. ಇಂಥ ನಿರ್ಣಯವನ್ನು ಪಾಲಿಸದ ದೇಶಕ್ಕೆ ಶಿಕ್ಷೆಯೇನೂ ಇಲ್ಲವೆಂಬುದು ನಿಜ. ಆದರೆ ನಮ್ಮ ಸರಕಾರವೇ ಒಪ್ಪಿಕೊಂಡ ಮಾತನ್ನು ಮುಂದಿಟ್ಟು ಕೇಳುವ ಹಕ್ಕು ನಮಗೆ ದೊರೆಯುತ್ತದೆ. ಉದಾಹರಣೆಗೆ, ಭ್ರಷ್ಟಾಚಾರದ ಬಗ್ಗೆ ದೂರು ನೀಡುವವರನ್ನು ಕಾಪಾಡಲೆಂದು ಸಂಸತ್ತು 2014ರಲ್ಲಿ ಅಂಗೀಕರಿಸಿದ ಮಾಹಿತಿದಾರರ ರಕ್ಷಣಾ ಕಾಯ್ದೆ ಈವರೆಗೂ ಜಾರಿಗೆ ಬಂದಿಲ್ಲ. ಸ್ಟಾಕ್ ಎಲ್ಲಿ ಹೋಯಿತೆಂದು ಬಲ್ಲ ನರ್ಸ್ ಅಥವಾ ಫಾರ್ಮಸಿಸ್ಟ್ ವರ್ಗಾವಣೆಗೆ ಹೆದರಿ ಸುಮ್ಮನಿರಬೇಕಾದ ಸ್ಥಿತಿ ನನಗೆ ತೀರಾ ನೋವಿನ ಸಂಗತಿ; ಆ ಕಾಯ್ದೆಯ ಜಾರಿಗಾಗಿ ನಮ್ಮ ಸಂಸದರನ್ನು ಒತ್ತಾಯಿಸಲೇಬೇಕು.

ಲೆಕ್ಕವನ್ನು ಬಿಗಿಗೊಳಿಸಲು ಸಾಧ್ಯವೆಂಬುದಕ್ಕೆ ನೆರೆಯ ತಮಿಳುನಾಡೇ ಸಾಕ್ಷಿ. 1994ರಲ್ಲಿ ಸ್ಥಾಪನೆಯಾದ ಅಲ್ಲಿನ ವೈದ್ಯಕೀಯ ಸೇವಾ ನಿಗಮವು ಔಷಧಗಳನ್ನು ಒಟ್ಟಾಗಿ ಖರೀದಿಸಿ, ಪ್ರತಿ ಆಸ್ಪತ್ರೆಗೂ ಪಾಸ್‌ಬುಕ್ ಕೊಟ್ಟು, ಮಂಜೂರಾದ ಮೊತ್ತವನ್ನೂ ಪಡೆದ ಔಷಧವನ್ನೂ ಅದರಲ್ಲೇ ನಮೂದಿಸುವ ಕ್ರಮವನ್ನು ತಂದಿತು. ನಮ್ಮಲ್ಲೂ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಿದೆ; ಸಾಮಾನ್ಯರು ಆಸ್ಪತ್ರೆವಾರು ದಾಸ್ತಾನನ್ನು ಸುಲಭವಾಗಿ ನೋಡುವಂತಾಗಬೇಕು.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ಆ ಚೀಟಿಯನ್ನೂ ಮೆಡಿಕಲ್‌ನ ಬಿಲ್ಲನ್ನೂ ಜೋಪಾನವಾಗಿಡಿ. ಆ ಇಂಜೆಕ್ಷನ್ನಿನ ಆ ತಿಂಗಳ ದಾಸ್ತಾನು ಪುಸ್ತಕದ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿರಿ. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದು. 30 ದಿನಗಳೊಳಗೆ ಉತ್ತರ ಬರಬೇಕು. ಆ ದಿನ ದಾಸ್ತಾನು ಇತ್ತೆಂದು ಪುಸ್ತಕವೇ ಹೇಳಿದರೆ ನಿಮ್ಮ ದೂರಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಪ್ರಶ್ನೆ: ಬಲವಂತಕ್ಕೆ ಲಂಚ ಕೊಟ್ಟವರ ಮೇಲೂ ಕೇಸು ಬೀಳುತ್ತದೆಯೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರು ಅಪರಾಧಿಗಳಾಗುವುದಿಲ್ಲ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸುವುದು ಇನ್ನೂ ಒಳ್ಳೆಯದು. ಅವರ ಕಚೇರಿ ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ.